ವಾರಕ್ಕೊಂದು ಅರ್ಧ ಹಾಳೆ: ಕಿರಿಯ ಪ್ರಾಥಮಿಕ ಶಾಲೆಯ ಕಲಿಕೆಯನ್ನು ಮನೆಗೆ ಮುಟ್ಟಿಸುವ ಬಗೆ

ಶನಿವಾರದ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಪ್ರತಿಯೊಂದು ಮನೆಗೂ ತಲುಪುವಂತೆ, ವಾರದ ಕಲಿಕೆಯನ್ನೂ ಸುದ್ದಿಯನ್ನೂ ಹೇಳುವ ಅರ್ಧ ಹಾಳೆಯ ಪತ್ರಿಕೆಯೊಂದನ್ನು ಮಕ್ಕಳಿಂದಲೇ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನಾನು ಕೆಲಸ ಮಾಡುವುದು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದನೆಯ ತರಗತಿಯವರೆಗೆ 32 ಮಕ್ಕಳು, ಅವರು ಬರುವುದು 23 ಮನೆಗಳಿಂದ, ಕಲಿಸುವವರು ನಾವಿಬ್ಬರು. ದೊಡ್ಡ ಶಾಲೆಯವರು ಸಂಖ್ಯೆಗಳನ್ನು ತಮಗೆ ತಕ್ಕಂತೆ ಹಿಗ್ಗಿಸಿಕೊಳ್ಳಬಹುದು. ಆದರೆ ಹಾಳೆಯನ್ನು ಹಿಗ್ಗಿಸಬಾರದು.

ಓದುವವರು ಯಾರೆಂಬುದನ್ನು ಮೊದಲು ತೀರ್ಮಾನಿಸಿ

ಮೊದಲ ವರ್ಷ ಈ ಹಾಳೆಯನ್ನು ನಾನೇ ಬರೆಯುತ್ತಿದ್ದೆ. ‘ವನಮಹೋತ್ಸವ ಕಾರ್ಯಕ್ರಮವು ಅರ್ಥಪೂರ್ಣವಾಗಿ ನೆರವೇರಿತು’, ‘ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು’ ಎಂಬಂಥ ವಾಕ್ಯಗಳನ್ನು ದುಂಡಗೆ ಬರೆದು, ಜೆರಾಕ್ಸ್ ಮಾಡಿಸಿ ಕಳುಹಿಸುತ್ತಿದ್ದೆ. ಒಂದು ಸಂಜೆ ಊರಿನ ಅಂಗಡಿಯಲ್ಲಿ ಚುರುಮುರಿಯ ಪೊಟ್ಟಣ ಬಿಚ್ಚಿದಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಅಂಗಡಿಯವರ ಮಗಳು ನಮ್ಮಲ್ಲೇ ಮೂರನೆಯ ತರಗತಿಯಲ್ಲಿದ್ದಳು. ಹಾಳೆಯನ್ನು ಅವಳ ಕೈಗೆ ಕೊಟ್ಟು ಓದಿಸಿದೆ. ‘ಅರ್ಥಪೂರ್ಣವಾಗಿ’ ಎಂಬಲ್ಲಿ ಅವಳು ನಿಂತುಬಿಟ್ಟಳು. ತಂದೆಗೆ ಓದು ಬಾರದು, ಮಗಳಿಗೆ ಅದು ಎಟುಕದು. ಹೀಗಿರುವಾಗ ಆ ಕಾಗದ ಪೊಟ್ಟಣವಾದದ್ದರಲ್ಲಿ ಯಾರ ತಪ್ಪೂ ಇರಲಿಲ್ಲ, ನನ್ನದೊಂದನ್ನು ಬಿಟ್ಟರೆ.

ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಈ ಹಾಳೆ ತಲುಪಬೇಕಾದದ್ದು ತಾಯಿ ತಂದೆಗೆ, ಆದರೆ ಅದನ್ನು ಓದುವುದು ಮಗು. ಶನಿವಾರ ಸಂಜೆ ಮಗು ಗಟ್ಟಿಯಾಗಿ ಓದಬೇಕು, ಮನೆಯವರು ಕೇಳಬೇಕು. ಹಾಗಾಗಿ ಎರಡನೆಯ ತರಗತಿಯ ಮಗು ತಡವರಿಸದೆ ಓದಬಲ್ಲ ಬರಹವೇ ಅದರಲ್ಲಿರಬೇಕು. ಒಂದು ವಾಕ್ಯಕ್ಕೆ ಆರು ಪದ ಮೀರದಿರಲಿ. ಒತ್ತಕ್ಷರಗಳು ಕಡಿಮೆಯಿರಲಿ. ಮಗು ಬಾಯಲ್ಲಿ ಆಡದ ಪದವನ್ನು ಕೈಯಲ್ಲಿ ಬರೆಸಬೇಡಿ. ಅಂಕಿಗಳು ಅಂಕಿಗಳಾಗಿಯೇ ಇರಲಿ. ಈ ಒಂದು ಕಟ್ಟಳೆಯನ್ನು ಪಾಲಿಸಿದರೆ ಮುಂದಿನ ಬಹುತೇಕ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಹಾಳೆಯ ಚೌಕಟ್ಟು

ಎ4 ಹಾಳೆಯನ್ನು ಅಡ್ಡಲಾಗಿ ಮಡಿಸಿ ಕತ್ತರಿಸಿದ ಅರ್ಧಭಾಗ ಸಾಕು. ಮೇಲೆ ಪತ್ರಿಕೆಯ ಹೆಸರು, ಸಂಚಿಕೆಯ ಸಂಖ್ಯೆ, ದಿನಾಂಕ. ಹೆಸರನ್ನು ಮಕ್ಕಳೇ ಇಡಲಿ. ಅದರ ಕೆಳಗೆ ಪ್ರತಿವಾರವೂ ಅದೇ ಜಾಗದಲ್ಲಿ ಅದೇ ಅಂಕಣಗಳು ಬರಬೇಕು: ‘ಈ ವಾರ ನಾವು ಕಲಿತದ್ದು’, ‘ವಾರದ ಅಂಕಿ’, ‘ನಮ್ಮ ಮನೆ ಸುದ್ದಿ’, ‘ಮನೆಯಲ್ಲಿ ಕೇಳಿ’, ‘ಮುಂದಿನ ವಾರ’. ಜಾಗ ಬದಲಾಗದಿದ್ದರೆ ಓದು ಬಾರದ ಅಜ್ಜಿಯೂ ಕೆಲವು ವಾರಗಳಲ್ಲಿ ‘ಕೆಳಗಿನ ಸಾಲು ಓದು, ರಜೆ ಯಾವತ್ತು ನೋಡು’ ಎಂದು ಬೆರಳಿಟ್ಟು ತೋರಿಸುತ್ತಾಳೆ. ಒಂದು ಮೂಲೆಯಲ್ಲಿ ಚಿತ್ರಕ್ಕೆ ಬೆಂಕಿಪೆಟ್ಟಿಗೆಯಷ್ಟು ಜಾಗ ಬಿಡಿ; ಇನ್ನೂ ಅಕ್ಷರ ಕೂಡಿಬಾರದ ಒಂದನೆಯ ತರಗತಿಯವರ ಪಾಲು ಅದು.

‘ಮುಂದಿನ ವಾರ’ ಅಂಕಣವನ್ನು ಮಾತ್ರ ಶಿಕ್ಷಕರೇ ಬರೆಯಬೇಕು. ರಜೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿ ಸಭೆ, ಜಂತುಹುಳುವಿನ ಮಾತ್ರೆ ಕೊಡುವ ದಿನ, ತರಬೇಕಾದ ಸಾಮಾನು, ಇವುಗಳಲ್ಲಿ ಒಂದು ತಪ್ಪಿದರೂ ಹೊಲದ ಕೆಲಸ ಬಿಟ್ಟು ಬಂದ ತಾಯಿಗೆ ತೊಂದರೆಯಾಗುತ್ತದೆ.

ಕಲಿತದ್ದನ್ನು ಹೇಳುವಾಗ ನಲಿ–ಕಲಿ ತರಗತಿಯ ತೊಡಕು

‘ಈ ವಾರ ನಾಲ್ಕನೆಯ ಪಾಠ ಮುಗಿಯಿತು’ ಎಂದು ನಾಲ್ಕು, ಐದನೆಯ ತರಗತಿಗೆ ಬರೆಯಬಹುದೇ ಹೊರತು ಕೆಳಗಿನ ಮೂರು ತರಗತಿಗಳಿಗೆ ಹಾಗೆ ಬರೆಯಲಾಗದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಶಿಕ್ಷಕರಿಂದ ಆರಂಭವಾಗಿ, 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹಬ್ಬಿದ, ಕೆಳಗಿನ ತರಗತಿಗಳ ಮಕ್ಕಳು ಚಟುವಟಿಕೆಯ ಮೂಲಕ ಕಲಿಯುವ ನಲಿ–ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಿನಲ್ಲಿರುತ್ತದೆ. ಒಂದೇ ಬೆಳಗ್ಗೆ ಒಂದು ತಟ್ಟೆಯವರು (ಇಲ್ಲಿ ತಟ್ಟೆಯೆಂದರೆ ಗುಂಪು) ಶಿಕ್ಷಕರ ಸಹಾಯದಿಂದ, ಇನ್ನೊಂದು ತಟ್ಟೆಯವರು ಗೆಳೆಯರ ಸಹಾಯದಿಂದ, ಮತ್ತೊಂದು ತಟ್ಟೆಯವರು ತಾವಾಗಿಯೇ ಬೇರೆ ಬೇರೆ ಕಾರ್ಡುಗಳನ್ನು ಹಿಡಿದಿರುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಯಾವ ಮಗು ಏಣಿಯ ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ತರಗತಿಯ ಪ್ರಗತಿ ನೋಟದ ಪಟ್ಟಿಯಲ್ಲಿರಲಿ, ಮನೆಮನೆಗೆ ಹೋಗುವ ಹಾಳೆಗೆ ಬರಬಾರದು. ಬಂದರೆ ಓಣಿಯ ಕಟ್ಟೆಯ ಮೇಲೆ ಆ ಸಂಜೆಯೇ ಹೋಲಿಕೆ ಶುರುವಾಗುತ್ತದೆ. ಎರಡನೆಯದಾಗಿ, ಪಾಠದ ಹೆಸರಿಗಿಂತ ಮಕ್ಕಳು ಕೈಯಿಂದ ಮಾಡಿದ್ದನ್ನೂ ಅದರಿಂದ ಕಂಡುಕೊಂಡದ್ದನ್ನೂ ಬರೆಯಿಸಿ. ‘ಎಲೆಗಳ ಬಗ್ಗೆ ಕಲಿತೆವು’ ಎಂಬ ವಾಕ್ಯದಲ್ಲಿ ಕೇಳುವವರಿಗೆ ಏನೂ ಸಿಗುವುದಿಲ್ಲ. ‘ಬೇವಿನ ಎಲೆಯ ಅಂಚು ಗರಗಸದ ಹಾಗಿದೆ. ಹೊಂಗೆ ಎಲೆಯ ಅಂಚು ನುಣುಪಾಗಿದೆ’ ಎಂದು ಮಗು ಓದಿದರೆ ಅಂಗಳದ ಗಿಡದತ್ತ ಎಲ್ಲರ ಕಣ್ಣೂ ಹೋಗುತ್ತದೆ.

ಸೋಮವಾರದಿಂದ ಬುಧವಾರ: ಸುದ್ದಿ ಹುಟ್ಟುವ ದಿನಗಳು

ಪತ್ರಿಕೆಯ ಕೆಲಸವನ್ನು ಶುಕ್ರವಾರಕ್ಕೆಂದು ಎತ್ತಿಟ್ಟವರಿಗೆ ಶುಕ್ರವಾರ ಬರೆಯಲು ಏನೂ ಇರುವುದಿಲ್ಲ. ಆದ್ದರಿಂದ ಸೋಮವಾರ ಪ್ರಾರ್ಥನೆ, ನಾಡಗೀತೆ, ಪಂಚಾಂಗ, ವಾರ್ತಾವಾಚನ ಮುಗಿದು ತರಗತಿಗೆ ಬಂದ ಮೇಲೆ ಹದಿನೈದು ನಿಮಿಷ ಮಕ್ಕಳನ್ನು ದುಂಡಗೆ ಕೂರಿಸಿ ಮನೆಯ ಸುದ್ದಿ ಹೇಳಿಸಿ. ಹೇಳಿದ್ದನ್ನು ಐದನೆಯ ತರಗತಿಯ ಇಬ್ಬರು ಚೀಟಿಗಳಲ್ಲಿ ಬರೆದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಲಿ. ಶಾಲಾ ಸಂಸತ್ತಿನಲ್ಲಿ ವಾರ್ತಾ ಮಂತ್ರಿ ಇದ್ದರೆ ಡಬ್ಬಿಯ ಹೊಣೆ ಅವರದು. ಆ ಖಾತೆಗೆ ಇದುವರೆಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ.

ಇನ್ನು ಅಂಕಿಯ ಮಾತು. ವಾರಕ್ಕೊಂದು ಸಂಖ್ಯೆಯನ್ನು ಮಕ್ಕಳೇ ಅಳೆದು ಪಡೆಯಬೇಕೆಂಬುದು ಈ ಇಡೀ ಕ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಳೆಗಾಲದಲ್ಲಿ ಮಳೆಮಾಪಕದಿಂದ ಆರಂಭಿಸುವುದು ಒಳ್ಳೆಯದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯನ್ನು ಆರಿಸಿ, ಕುತ್ತಿಗೆಯ ಕೆಳಗೆ ಕತ್ತರಿಸಿ, ಕತ್ತರಿಸಿದ ತಲೆಯನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಸಮವಾಗಿರುವುದಿಲ್ಲವಾದ್ದರಿಂದ ಸಣ್ಣ ಕಲ್ಲುಗಳನ್ನು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ನೀರಿನ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಿರಿ. ಕಲ್ಲು ಗಾಳಿಗೆ ಬಾಟಲಿ ಉರುಳದಂತೆಯೂ ತಡೆಯುತ್ತದೆ. ಸೊನ್ನೆಯಿಂದ ಮೇಲೆ ಮಿಲಿಮೀಟರಿನ ಕಾಗದದ ಪಟ್ಟಿಯನ್ನಂಟಿಸಿ ಅದರ ಮೇಲೆ ಪಾರದರ್ಶಕ ಟೇಪು ಸುತ್ತಿ. ಮರದಿಂದಲೂ ಸೂರಿನಿಂದಲೂ ದೂರ, ಬಯಲಿನಲ್ಲಿಡಬೇಕು. ಪ್ರತಿದಿನ ಒಂದೇ ಹೊತ್ತಿಗೆ ನೋಡಬೇಕು. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ, ನಾವು ಪ್ರಾರ್ಥನೆಗೆ ಮುನ್ನ ನೋಡುತ್ತೇವೆ. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರುವುದನ್ನು ಮರೆಯಬಾರದು. ಮರೆತ ವಾರ ನಮ್ಮೂರಿಗೆ ಚಿರಾಪುಂಜಿಯ ಮಳೆ ಬಂದಿತ್ತು.

ನಲಿ–ಕಲಿಯ ಹವಾಮಾನ ನಕ್ಷೆಯಲ್ಲಿ ಮಕ್ಕಳು ಹೇಗೂ ದಿನವೂ ಮೋಡ, ಮಳೆ, ಬಿಸಿಲಿನ ಗುರುತು ಹಾಕುತ್ತಾರೆ. ಅದರ ಪಕ್ಕದಲ್ಲೇ ಈ ಅಂಕಿಯೂ ಬರಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು ಎಂಬುದನ್ನು ಐದನೆಯ ತರಗತಿಯವರಿಗೆ ಹೇಳಿ, ಕೋಣೆಯ ಮಾಳಿಗೆಯನ್ನು ಅಳೆಯಿಸಿ. ನಮ್ಮದು ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ. ಹತ್ತು ಮಿಲಿಮೀಟರ್ ಮಳೆಗೆ 400 ಲೀಟರ್ ನೀರು ಹರಿದುಹೋಗುತ್ತದೆ. ಎರಡು ಬೀದಿ ದಾಟಿ ಕೊಡ ಹೊತ್ತು ತರುವ ಮಕ್ಕಳಿಗೆ ಆ ಸಂಖ್ಯೆ ಎಷ್ಟು ದೊಡ್ಡದೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಮಳೆಯಿಲ್ಲದ ವಾರಗಳಲ್ಲಿ ಅಡುಗೆ ಕೋಣೆಯೇ ಪ್ರಯೋಗಶಾಲೆ. ಬಿಸಿಯೂಟಕ್ಕೆ ಒಂದರಿಂದ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂದು ಲೆಕ್ಕ. 32 ಮಕ್ಕಳೂ ಬಂದ ದಿನ 3 ಕಿಲೋ 200 ಗ್ರಾಂ ಅಕ್ಕಿ ಬೇಕು. ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿಲೀಟರ್. ಒಟ್ಟು 4 ಲೀಟರ್ 800 ಮಿಲಿಲೀಟರ್. ಅಡುಗೆಯವರು ತೂಗುವಾಗ ಮಕ್ಕಳು ನಿಂತು ನೋಡಿ ಬರೆದುಕೊಳ್ಳಲಿ, ಒಲೆಯಿಂದ ದೂರವಿರಲಿ. ‘ಅಕ್ಕೋರ’ ಎಂದು ಕರೆದು ಅವರನ್ನೇ ಪ್ರಶ್ನೆ ಕೇಳಲಿ. ನಮ್ಮ ಅಡುಗೆಯವರಿಗೆ ಓದುಬರಹ ಬಾರದು, ಆದರೆ ಎಷ್ಟು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬುದು ಅವರಿಗೆ ಮಗ್ಗಿಯಂತೆ ಬಾಯಿಪಾಠ. ಆ ಸಂದರ್ಶನ ಅಚ್ಚಾದ ವಾರ ಅವರು ಹಾಳೆಯನ್ನು ಮೊಮ್ಮಗನಿಂದ ಮೂರು ಸಲ ಓದಿಸಿದರಂತೆ.

ಹಾಜರಾತಿಯೂ ಒಳ್ಳೆಯ ಅಂಕಿಯೇ. ಒಂದು ವಾರ ಸೋಮವಾರದಿಂದ ಶುಕ್ರವಾರದವರೆಗೆ 28, 26, 31, 30, 29 ಎಂದು ಬಂತು. ಕೂಡಿದರೆ 144, ಐದರಿಂದ ಭಾಗಿಸಿದರೆ 28.8. ‘ಇಪ್ಪತ್ತೆಂಟೂ ಮುಕ್ಕಾಲು ಹುಡುಗರು ಅಂದ್ರ ಹೆಂಗ್ರಿ ಸರ?’ ಎಂದು ನಾಲ್ಕನೆಯ ತರಗತಿಯವನೊಬ್ಬ ಕೇಳಿದ್ದರಿಂದ ಸರಾಸರಿಯ ಪಾಠ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ನಡೆಯಿತು. ಮಂಗಳವಾರ 26 ಏಕೆಂದು ಮಕ್ಕಳೇ ಕಂಡುಹಿಡಿದರು: ಅಂದು ಪಕ್ಕದೂರಿನ ಸಂತೆ. ಬೈಯುವ ಬದಲು ಬುಧವಾರ ಸಂತೆಯ ಲೆಕ್ಕವನ್ನೇ ಗಣಿತಕ್ಕೆ ಎತ್ತಿಕೊಂಡೆವು; ಹೋದವರು ಬೆಲೆ ನೋಡಿಕೊಂಡು ಬಂದಿದ್ದರು. ಆದರೆ ಗೈರಾದವರ ಹೆಸರು ಹಾಳೆಯಲ್ಲಿ ಬರಲಿಲ್ಲ, ಬರಲೂಬಾರದು.

ಗುರುವಾರ: ಆಯ್ಕೆ ಮತ್ತು ತಿದ್ದುಪಡಿ

ಗುರುವಾರ ಮಧ್ಯಾಹ್ನ ಊಟದ ನಂತರದ ಅವಧಿಯಲ್ಲಿ ಡಬ್ಬಿ ತೆರೆಯಿರಿ. ಸಂಪಾದಕ ಮಂಡಳಿಯಲ್ಲಿ ನಾಲ್ವರು ಸಾಕು. ಎರಡು ವಾರಕ್ಕೊಮ್ಮೆ ಇಬ್ಬರನ್ನು ಬದಲಿಸಿ, ಹಳಬರು ಹೊಸಬರಿಗೆ ಕಲಿಸಲಿ. ಪ್ರತಿಯೊಂದು ಚೀಟಿಗೂ ಒಂದೇ ಪ್ರಶ್ನೆ ಕೇಳಬೇಕು: ಇದನ್ನು ನೋಡಿದವರು ಯಾರು? ‘ಕೆರೆಯಲ್ಲಿ ಮೊಸಳೆ ಬಂದೈತಂತ’ ಎಂಬ ಚೀಟಿಯನ್ನು ಬರೆದವನು ತಾನು ನೋಡಿಲ್ಲ, ಅಣ್ಣ ಹೇಳಿದನೆಂದ. ಅಣ್ಣನನ್ನು ಕೇಳಿದರೆ ಅವನಿಗೆ ಗೆಳೆಯ ಹೇಳಿದ್ದ. ಮೊಸಳೆ ಕೊನೆಗೂ ಅಚ್ಚಾಗಲಿಲ್ಲ. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಹತ್ತು ವರ್ಷದವರು ಇಷ್ಟು ಸುಲಭವಾಗಿ ಹಿಡಿಯುತ್ತಾರೆಂದು ನಾನು ಎಣಿಸಿರಲಿಲ್ಲ.

ತಿದ್ದುವ ವಿಷಯದಲ್ಲಿ ಶಿಕ್ಷಕರು ಕೈ ಬಿಗಿಹಿಡಿಯಬೇಕು. ಕಾಗುಣಿತ ತಿದ್ದಿ, ಮಾತನ್ನು ತಿದ್ದಬೇಡಿ. ‘ನಮ್ಮ ಆಕಳು ಕರು ಹಾಕೈತಿ. ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ’ ಎಂದು ಮಗು ಬರೆದದ್ದನ್ನು ‘ನಮ್ಮ ಹಸುವು ಕರುವಿಗೆ ಜನ್ಮ ನೀಡಿದೆ’ ಎಂದು ಬದಲಿಸಿದರೆ ಆ ಕರು ಯಾರ ಮನೆಯದೂ ಆಗಿ ಉಳಿಯುವುದಿಲ್ಲ. ‘ಕಲಿತದ್ದು’ ಅಂಕಣದಲ್ಲಿ ಪುಸ್ತಕದ ಕನ್ನಡ, ‘ಮನೆ ಸುದ್ದಿ’ಯಲ್ಲಿ ಮನೆಯ ಮಾತು ಎಂದು ನಾವು ಹಂಚಿಕೊಂಡಿದ್ದೇವೆ, ಹೀಗೆ ಎರಡನ್ನೂ ಅಕ್ಕಪಕ್ಕದಲ್ಲಿ ಓದುತ್ತಲೇ ಮಕ್ಕಳು ಅವುಗಳ ಅಂತರವನ್ನು ಗುರುತಿಸುತ್ತಾರೆ. ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಅವರ ಸುದ್ದಿಯಲ್ಲಿ ಒಂದೆರಡು ಲಂಬಾಣಿ ಪದಗಳು ಕನ್ನಡ ಅಕ್ಷರದಲ್ಲಿ ಹಾಗೆಯೇ ಬರಲಿ, ಅರ್ಥವನ್ನು ಅವರೇ ತರಗತಿಗೆ ಹೇಳಲಿ.

ಎಲ್ಲ ಮಕ್ಕಳ ಹೆಸರಿನ ಒಂದು ಪಟ್ಟಿಯನ್ನು ಗೋಡೆಗಂಟಿಸಿ, ಸುದ್ದಿಯೋ ಚಿತ್ರವೋ ಪ್ರಶ್ನೆಯೋ ಬಂದವರ ಮುಂದೆ ಗುರುತು ಹಾಕಿ. ವಾರಕ್ಕೆ ಎಂಟು ಮಕ್ಕಳಂತೆ ನಾಲ್ಕು ವಾರಗಳಲ್ಲಿ 32 ಹೆಸರೂ ಮುಗಿಯಬೇಕು. ಪಟ್ಟಿ ಇಲ್ಲದಿದ್ದರೆ ಮಾತಿನಮಲ್ಲರೇ ಪ್ರತಿವಾರ ಹಾಳೆ ತುಂಬುತ್ತಾರೆ, ಕೊನೆಯ ಸಾಲಿನ ಮಗುವಿನ ಮನೆಯವರು ವರ್ಷವಿಡೀ ಬೇರೆಯವರ ಮಕ್ಕಳ ಸುದ್ದಿಯನ್ನೇ ಕೇಳುತ್ತಾರೆ.

ಅಚ್ಚಿಗೆ ಬರಬಾರದ ಸಂಗತಿಗಳು

ಸೋಮವಾರದ ದುಂಡಿನಲ್ಲಿ ಮಕ್ಕಳು ಎಲ್ಲವನ್ನೂ ಹೇಳುತ್ತಾರೆ. ಅಪ್ಪ ಕುಡಿದು ಬಂದದ್ದು, ಸಾಲಗಾರರು ಬಾಗಿಲಿಗೆ ಬಂದದ್ದು, ಅಕ್ಕನಿಗೆ ಗಂಡು ನೋಡಲು ಬಂದದ್ದು. ಸಮಾಧಾನದಿಂದ ಕೇಳಿ, ಆದರೆ ಬರೆದುಕೊಳ್ಳುವವರಿಗೆ ಕಣ್ಸನ್ನೆಯಲ್ಲೇ ಬೇಡವೆನ್ನಿ. ಅಕ್ಕನ ವಯಸ್ಸು ಹದಿನೆಂಟು ತುಂಬಿಲ್ಲವೆಂದಾಗಲಿ, ಮಗುವಿಗೆ ಹೊಡೆತ ಅಥವಾ ಬೇರೆ ಹಿಂಸೆ ಆಗುತ್ತಿದೆಯೆಂದಾಗಲಿ ತಿಳಿದುಬಂದರೆ ಅದು ಸುದ್ದಿಯಲ್ಲ, ನಿಮ್ಮ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ.

ಅಂಕಗಳು, ಜಾತಿಯ ಮೇಲೆ ಬರುವ ವಿದ್ಯಾರ್ಥಿವೇತನದ ವಿವರ, ಕಾಯಿಲೆ, ಆಧಾರ್ ಮತ್ತು ಮಕ್ಕಳ ಸರ್ಕಾರಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಗಳು ಹಾಳೆಯಲ್ಲಿ ಬರಬಾರದು. ಭಾವಚಿತ್ರಗಳಿಗೆ ವರ್ಷದ ಆರಂಭದಲ್ಲೇ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ನಾನಂತೂ ಕೈಬರಹದ ಚಿತ್ರವನ್ನೇ ಮೆಚ್ಚುತ್ತೇನೆ. ಜೆರಾಕ್ಸಿನಲ್ಲಿ ಭಾವಚಿತ್ರ ಕಪ್ಪು ಮಸಿಯ ಮುದ್ದೆಯಾಗುತ್ತದೆ, ಮಗು ಬಿಡಿಸಿದ ಕೋಳಿ ಕೋಳಿಯಾಗಿಯೇ ಉಳಿಯುತ್ತದೆ.

ಶುಕ್ರವಾರ ಮತ್ತು ಶನಿವಾರ: ಬರೆದು, ಓದಿ, ಮುಟ್ಟಿಸುವುದು

ಶುಕ್ರವಾರ ಅಂದವಾದ ಅಕ್ಷರದ ಇಬ್ಬರು ಮೂಲಪ್ರತಿಯನ್ನು ಕಪ್ಪು ಪೆನ್ನಿನಲ್ಲಿ ಬರೆಯಲಿ. ನೀಲಿಗಿಂತ ಕಪ್ಪು ಜೆರಾಕ್ಸಿನಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಬಳಿಕ ಎರಡನೆಯ ತರಗತಿಯ ಒಂದು ಮಗುವನ್ನು ಕರೆದು ಓದಿಸಿ. ಅದು ಎಡವಿದ ಪದವನ್ನು ಅಲ್ಲೇ ಬದಲಿಸಿ. ಈ ಪರೀಕ್ಷೆ ಮಗುವಿಗಲ್ಲ, ಹಾಳೆಗೆ ಎಂಬುದು ಮಗುವಿಗೂ ತಿಳಿದಿರಲಿ. ಒಂದು ವಾರದ ನಮ್ಮ ಹಾಳೆ ಹೀಗಿತ್ತು:

‘ಈ ವಾರ ಮಳೆ 23 ಮಿ.ಮೀ. ಬಂತು. ಬುಧವಾರ ಒಂದೇ ದಿನ 17. ನಾವು ಅಕ್ಕಿ ತೂಗಿದೆವು. ಒಬ್ಬರಿಗೆ 100 ಗ್ರಾಂ ಬೇಕು. ನಮ್ಮ ಆಕಳು ಕರು ಹಾಕೈತಿ. ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ. ಮನೆಯಲ್ಲಿ ಕೇಳಿ: ಮೊದಲು ಮಳೆ ಹೇಗೆ ಅಳೆಯುತ್ತಿದ್ದರು? ಮುಂದಿನ ವಾರ: ಸೋಮವಾರ ಒಂದು ಕಾಯಿ ತನ್ನಿ.’

ಕೊನೆಯ ಸಾಲನ್ನು ಬರೆದವನು ನಾನು. ಬೀಜಗಳ ಪಾಠಕ್ಕೆಂದು ಯಾವುದಾದರೂ ಗಿಡದ ಕಾಯಿ ಎಂಬ ಅರ್ಥದಲ್ಲಿ ಬರೆದಿದ್ದೆ. ಸೋಮವಾರ ಒಂಬತ್ತು ಮಕ್ಕಳು ತೆಂಗಿನಕಾಯಿ ತಂದಿದ್ದರು, ಒಬ್ಬಳು ಊದುಬತ್ತಿಯನ್ನೂ ತಂದಿದ್ದಳು. ಸೂಚನೆಯನ್ನು ಆರು ಪದದಲ್ಲಿ ಮುಗಿಸುವಾಗಲೂ ಗೊಂದಲಕ್ಕೆ ಎಡೆಯಿದೆಯೇ ಎಂದು ನೋಡಿ.

ಒಂದು ಮನೆಗೆ ಒಂದೇ ಪ್ರತಿ. 23 ಮನೆಗಳಿಗೆ ಹನ್ನೆರಡು ಎ4 ಹಾಳೆಗಳು, ಪುಟಕ್ಕೆ ಎರಡು ರೂಪಾಯಿಯಂತೆ 24 ರೂಪಾಯಿ. ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಪಡೆದು ಶಾಲಾ ಅನುದಾನದಿಂದ ಭರಿಸಬಹುದು. ಉಳಿಯುವ ಒಂದು ಅರ್ಧ ಹಾಳೆ ಶಾಲೆಯ ಕಡತಕ್ಕೆ. ಜೆರಾಕ್ಸ್ ಅಂಗಡಿ ದೂರವಿದ್ದರೆ ನಾಲ್ಕು ಮತ್ತು ಐದನೆಯ ತರಗತಿಯವರೇ ಎರಡೆರಡು ಪ್ರತಿ ಬರೆಯಲಿ. ಕಾಪಿ ಬರಹಕ್ಕೆ ಹೇಗೂ ಅವಧಿ ಇದ್ದೇ ಇದೆ, ಈ ಕಾಪಿಯನ್ನು ಯಾರೋ ಕಾಯುತ್ತಿರುತ್ತಾರೆ ಎಂಬುದೊಂದೇ ವ್ಯತ್ಯಾಸ.

ಶನಿವಾರ ಸಾಮೂಹಿಕ ಕವಾಯತು ಮುಗಿದ ಮೇಲೆ ಸಂಚಿಕೆಯನ್ನು ಎಲ್ಲರೆದುರು ಓದಿಸಿ, ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಬರೆದ ಪ್ರತಿಯನ್ನು ನಲಿ–ಕಲಿ ಕೋಣೆಯ ಚಪ್ಪರದ ದಾರಕ್ಕೆ ತೂಗಿಹಾಕಿ. ಬ್ಯಾಗಿಲ್ಲದ ಸಂಭ್ರಮ ಶನಿವಾರದಂದು ಈ ಕೆಲಸಕ್ಕೆ ಹೆಚ್ಚು ಹೊತ್ತು ಸಿಗುತ್ತದೆ.

ನಮ್ಮ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಹಲವರು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಆ ತಂದೆ ತಾಯಂದಿರಿಗೆ ಹಾಳೆಯ ಚಿತ್ರ ಕಳುಹಿಸಿದರೆ ಸಾಲದು. ಮಗು ಅದನ್ನು ಓದುವ ಧ್ವನಿಯನ್ನು ಒಂದು ನಿಮಿಷದಷ್ಟು ಮುದ್ರಿಸಿ ಅವರ ವಾಟ್ಸಾಪ್‌ಗೆ ಕಳುಹಿಸಿ. ಗುಂಪಿಗೆ ಬೇಡ, ಆ ಮಗುವಿನ ಮನೆಯವರಿಗೆ ಮಾತ್ರ.

ಸೋಮವಾರ ಮರಳಿ ಬರುವ ಉತ್ತರ

ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ ಬಿಟ್ಟು, ‘ಮನೆಯಲ್ಲಿ ಕೇಳಿ’ ಪ್ರಶ್ನೆಗೆ ಮನೆಯವರು ಹೇಳಿದ್ದನ್ನು ಮಗುವೇ ಅಲ್ಲಿ ಬರೆದು ಹರಿದು ತರಲಿ. ಸಹಿ ಬೇಡ; ಸಹಿ ಕೇಳಿದರೆ ಹೆಬ್ಬೆಟ್ಟಿನವರು ಹಿಂಜರಿಯುತ್ತಾರೆ. ಮೊದಲ ವಾರಗಳಲ್ಲಿ ನಾಲ್ಕೈದು ಚೀಟಿ ಬಂದರೆ ಹೆಚ್ಚು. ಬಂದವುಗಳನ್ನು ಸೋಮವಾರದ ದುಂಡಿನಲ್ಲಿ ಓದಿ, ಒಂದನ್ನು ಮುಂದಿನ ಸಂಚಿಕೆಗೆ ಆರಿಸಿ. ಉಳಿದವರು ತಾವಾಗಿ ತರಲಾರಂಭಿಸುತ್ತಾರೆ.

ಮಳೆ ಅಳೆಯುವ ಪ್ರಶ್ನೆಗೆ ಹನ್ನೊಂದು ಉತ್ತರ ಬಂದಿದ್ದವು. ಅಂಗಳದ ಒರಳು ತುಂಬಿದರೆ ಹದ ಮಳೆಯೆಂದು ಒಬ್ಬ ಅಜ್ಜಿ. ಹೊಲದ ಮಣ್ಣು ಬಗೆದು ಎಷ್ಟು ಗೇಣು ಹಸಿ ಇಳಿದಿದೆಯೆಂದು ನೋಡುತ್ತಿದ್ದೆವೆಂದು ಒಬ್ಬ ಅಜ್ಜ. ಮಿಲಿಮೀಟರಿಗಿಂತ ಮೃಗಶಿರಾ, ಆರಿದ್ರಾ ಎಂದು ಮಳೆಯ ಹೆಸರು ಬರೆಯಿರಿ ಎಂದು ಇನ್ನೊಬ್ಬರ ಸಲಹೆ. ಮೂರನ್ನೂ ಮುಂದಿನ ವಾರದ ಕೆಲಸವಾಗಿಸಿದೆವು: 10 ಮಿಲಿಮೀಟರ್ ಮಳೆ ಬಂದ ಮರುದಿನ ಶಾಲೆಯ ಹಿಂದಿನ ಹೊಲದಲ್ಲಿ ಹಸಿಯ ಆಳವನ್ನು ಅಳತೆಪಟ್ಟಿಯಿಂದ ನೋಡಿ ಬರೆದೆವು, ಹವಾಮಾನ ನಕ್ಷೆಯ ತಲೆಯ ಮೇಲೆ ಮಳೆ ನಕ್ಷತ್ರದ ಹೆಸರೂ ಸೇರಿತು. ಒರಳಿನಲ್ಲಿ ನೀರು ಎಷ್ಟು ಹಿಡಿಯುತ್ತದೆಂದು ಅಳೆದ ಹುಡುಗಿ, ಒರಳಿನ ಬಾಯಿ ಅಗಲವಾದಷ್ಟು ನೀರು ಹೆಚ್ಚು ಬೀಳುವುದರಿಂದ ಎಲ್ಲರ ಮನೆಯ ಒರಳೂ ಒಂದೇ ಲೆಕ್ಕ ಕೊಡುವುದಿಲ್ಲವೆಂದು ತಕರಾರು ತೆಗೆದಳು. ನೇರ ಗೋಡೆಯ ಬಾಟಲಿಯೇ ಏಕೆ ಬೇಕೆಂಬುದನ್ನು ಮತ್ತೆ ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ.

ವರ್ಷದ ಕೊನೆಗೆ ಕಡತದ ಪ್ರತಿಗಳನ್ನು ಸಂಚಿಕೆಯ ಕ್ರಮದಲ್ಲಿ ಜೋಡಿಸಿ, ಎಡ ಅಂಚಿನಲ್ಲಿ ಮೂರು ತೂತು ಮಾಡಿ ಗಟ್ಟಿ ದಾರದಿಂದ ಹೊಲಿದು ರಟ್ಟು ಹಾಕಿ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಹೊಸದಾಗಿ ಒಂದನೆಯ ತರಗತಿಗೆ ಸೇರುವ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಮೊಳೆ ಹೊಡೆದು ನೇತುಹಾಕಿ.